ಪಕ್ಕದ ಮನೆಯವರ ಮರ ನಮ್ಮನೆ ಮೇಲೆ ಬಿದ್ರೆ ದುಡ್ಡು ಕೊಡೋರು ಯಾರು? ಒಂದು ಪ್ರಕರಣ, ಪೂರ್ತಿಯಾಗಿ

ಇದು ನಾನು ಹತ್ತಿರದಿಂದ ನೋಡಿದ ಪ್ರಕರಣ, ಮರ ಬಿದ್ದು ಮನೆ ಹಾಳಾದವರ ಕಡೆಯಿಂದ ಇನ್ಶೂರೆನ್ಸ್ ಕಾಗದಪತ್ರ ನೋಡ್ಕೊಂಡಿದ್ದು ನಾನು. ಇಬ್ಬರೂ ಇವತ್ತಿಗೂ ಅಕ್ಕಪಕ್ಕದಲ್ಲೇ ಇದ್ದಾರೆ, ಆದ್ದರಿಂದ ಹೆಸರು, ಊರು, ಕಂಪನಿ, ಬ್ಯಾಂಕು, ಮೊತ್ತ ಯಾವುದೂ ಹಾಕಿಲ್ಲ, ಗುರುತು ಸಿಗೋ ಒಂದೆರಡು ವಿವರ ಬದಲಾಯಿಸಿದ್ದೀನಿ. ಕರ್ನಾಟಕದ ಒಂದು ಊರು ಅಂತ ಇಟ್ಕೊಳ್ಳಿ ಸಾಕು. ಮರ ಇದ್ದ ಮನೆಯವರನ್ನ ಯಜಮಾನರು ಅಂತೀನಿ, ಎಪ್ಪತ್ತು ದಾಟಿದವರು, ರಿಟೈರ್ ಆಗಿದ್ದಾರೆ. ಪಕ್ಕದ ಮನೆ ಓನರ್‌ನ ಮೇಡಂ ಅಂತೀನಿ. ಮೇಡಂ ಕೆಳಗಿನ ಮನೆಯಲ್ಲಿರ್ತಾರೆ, ಮೇಲಿನ ಮನೆ ಬಾಡಿಗೆಗೆ ಕೊಟ್ಟಿದ್ದಾರೆ.

ಮರ ಬಿದ್ದ ದಿನ ಇಬ್ಬರೂ ತಪ್ಪಾಗೇ ತಿಳ್ಕೊಂಡಿದ್ರು. ಯಜಮಾನರು "ಗಾಳಿ ಬಂತು ಮರ ಬಿತ್ತು, ದೇವರ ಆಟ, ನಾನೇನು ಮಾಡಲಿ" ಅಂದ್ರು. ಮೇಡಂ "ಮರ ಅವರದ್ದು, ಪೂರ್ತಿ ದುಡ್ಡು ಅವರೇ ಕೊಡಬೇಕು" ಅಂದ್ರು. ನಮ್ಮ ಜನರಲ್ಲಿ ಹೆಚ್ಚಿನವರು ಈ ಎರಡರಲ್ಲಿ ಒಂದನ್ನೇ ನಂಬಿರ್ತಾರೆ, ಕಾನೂನು ಎರಡನ್ನೂ ಹಾಗೇ ಒಪ್ಪಲ್ಲ.

ಹಿನ್ನೆಲೆ

ಮರ ಗುಲ್‌ಮೊಹರ್, ಯಜಮಾನರ ಹಿತ್ತಲಲ್ಲಿ, ಕಾಂಪೌಂಡ್‌ಗೆ ಹತ್ತಿರ ಇತ್ತು. ಗುಲ್‌ಮೊಹರ್ ಬೇರು ಆಳಕ್ಕೆ ಹೋಗೋದಕ್ಕಿಂತ ಮೇಲ್ಮಣ್ಣಲ್ಲೇ ಹರಡೋದು ಜಾಸ್ತಿ, ಕೊಂಬೆ ಮೆತ್ತಗೆ, ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಬೀಳೋ ಮರಗಳಲ್ಲಿ ಇದು ಯಾವಾಗ್ಲೂ ಇರುತ್ತೆ. ಎರಡು ವರ್ಷದ ಹಿಂದೆ ಯಜಮಾನರು ತಮ್ಮ ಮನೆ ತಾರಸಿ ಮೇಲೆ ಬಾಗಿದ್ದ ಕೊಂಬೆಗಳನ್ನ ಆಳು ಕರೆಸಿ ಕಡಿಸಿದ್ರು, ಎಲೆ ಬಿದ್ದು ಪೈಪು ಕಟ್ಕೊಳ್ತಿತ್ತು ಅಂತ. ಮೇಡಂ ಮನೆ ಕಡೆಗಿದ್ದ ಕೊಂಬೆ ಹಾಗೇ ಬಿಟ್ರು. ಆಗ ಇದು ಯಾರಿಗೂ ದೊಡ್ಡ ವಿಷಯ ಅನ್ನಿಸಲಿಲ್ಲ, ಆದ್ರೆ ಒಂದೇ ಕಡೆ ಕಡಿದ್ರೆ ಮರದ ಭಾರ ಪೂರ್ತಿ ಇನ್ನೊಂದು ಕಡೆಗೆ ಹೋಗುತ್ತೆ, ಇಲ್ಲಿ ಆ ಇನ್ನೊಂದು ಕಡೆ ಮೇಡಂ ಮನೆ.

ಮೇಡಂ ಕಡೆಯಿಂದಲೂ ಒಂದು ಕೆಲಸ ಆಗಿತ್ತು. ಕೆಲವು ವರ್ಷದ ಹಿಂದೆ ಸಂಪ್ ಹಾಕಿಸೋವಾಗ ಕಾಂಪೌಂಡ್ ಪಕ್ಕ ಗುಂಡಿ ತೋಡಿದ್ರು, ಅಡ್ಡ ಬಂದ ಬೇರುಗಳನ್ನ ಮೇಸ್ತ್ರಿ ಕಡಿದು ಹಾಕಿದ್ದ. ಇದೂ ಆಮೇಲೆ ವಾದಕ್ಕೆ ಬಂತು.

ಹೋದ ವರ್ಷ ಮಳೆಗಾಲದಲ್ಲಿ ಮರದ ಬುಡದಲ್ಲಿ ಗಟ್ಟಿ ಅಣಬೆ ಎದ್ದಿತ್ತು, ತಟ್ಟೆ ಥರ ಕಾಂಡಕ್ಕೆ ಅಂಟ್ಕೊಂಡಿರುತ್ತಲ್ಲ, ಅದು. ಇಂಥ ಅಣಬೆ ಬುಡದಲ್ಲಿ ಕಂಡ್ರೆ ಒಳಗೆ ಬೇರು ಕೊಳೀತಿದೆ ಅಂತ ಅನುಮಾನ ಪಡಲೇಬೇಕು, ಮೇಲೆ ಎಲೆ ಹಸಿರಾಗೇ ಇದ್ರೂ. ಮೇಡಂ ತಾರಸಿಯಿಂದ ಫೋಟೋ ತೆಗೆದು ಯಜಮಾನರಿಗೆ ವಾಟ್ಸಾಪ್ ಮಾಡಿದ್ರು: "ಅಂಕಲ್, ಬುಡದಲ್ಲಿ ಅಣಬೆ ಎದ್ದಿದೆ ನೋಡಿ, ಮರ ನಮ್ಮ ಕಡೆ ವಾಲಿದ ಹಾಗೂ ಕಾಣುತ್ತೆ, ಗಾಳಿ ಬಂದ್ರೆ ಭಯ ಆಗುತ್ತೆ." ಅದಕ್ಕೆ ಉತ್ತರ ಬಂತು: "ನೋಡಿದೆ ಅಮ್ಮ, ಮಳೆಗಾಲ ಮುಗೀಲಿ ಕಡಿಸೋಣ." ಅದಕ್ಕೂ ಮುಂಚೆ ಕಾಂಪೌಂಡ್ ಹತ್ತಿರ ನಿಂತು ಬಾಯಿಮಾತಲ್ಲಿ ಎಷ್ಟು ಸಲ ಹೇಳಿದ್ರೋ, ಅದ್ಯಾವುದಕ್ಕೂ ದಾಖಲೆ ಇಲ್ಲ. ಈ ಒಂದು ಮೆಸೇಜಿಗೆ ಇದೆ. ಮಳೆಗಾಲ ಮುಗೀತು, ಚಳಿಗಾಲ ಮುಗೀತು, ಮರ ಅಲ್ಲೇ ಇತ್ತು.

ಬಿದ್ದ ದಿನ ಮತ್ತು ಮಾರನೇ ದಿನ

ಮೇ ತಿಂಗಳ ಒಂದು ಸಂಜೆ, ಗುಡುಗು ಸಮೇತ ಗಾಳಿಮಳೆ ಬಂದಾಗ ಮರ ಬುಡಸಮೇತ ಕಿತ್ಕೊಂಡು ಕಾಂಪೌಂಡ್ ಮುರ್ಕೊಂಡು ಮೇಡಂ ಮನೆ ಮೇಲೆ ಬಿತ್ತು. ತಾರಸಿ ಪ್ಯಾರಾಪೆಟ್, ಮೆಟ್ಟಿಲ ಮೇಲಿನ ಶೀಟು, ಸೋಲಾರ್ ವಾಟರ್ ಹೀಟರ್, ನೀರಿನ ಟ್ಯಾಂಕು, ಕೆಳಗೆ ನಿಂತಿದ್ದ ಕಾರಿನ ಟಾಪು, ಮುಂದಿನ ಗಾಜು, ಬಂಪರ್ರು, ಬಾಡಿಗೆಯವರ ಬೈಕು, ತಾರಸಿ ಮೇಲಿಟ್ಟಿದ್ದ ಅವರ ವಾಷಿಂಗ್ ಮಷೀನು ಎಲ್ಲ ಹೋಯ್ತು. ಪುಣ್ಯಕ್ಕೆ ಯಾರಿಗೂ ಏಟು ಬೀಳಲಿಲ್ಲ.

ಕರೆಂಟ್ ಆಫೀಸಿಗೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿದ್ದು ಮೊದಲ ಕೆಲಸ, ಅದು ಸರಿಯಾಗೇ ಆಯ್ತು. ಬೆಳಗ್ಗೆ ಸೌದೆ ವ್ಯಾಪಾರಿ ಒಬ್ಬರು ಬಂದು "ಕಟ್ಟಿಗೆ ನಮಗೆ ಬಿಡಿ, ಕಡಿದು ಸಾಗಿಸೋದಕ್ಕೆ ದುಡ್ಡು ಬೇಡ" ಅಂದ್ರು. ಮನೆಯವರೆಲ್ಲ ಹೂಂ ಅನ್ನೋಕೆ ರೆಡಿ ಇದ್ರು, ಮನೆ ಮೇಲೆ ಮರ ಬಿದ್ದಿರೋವಾಗ ಅದನ್ನ ತೆಗೆದ್ರೆ ಸಾಕು ಅನ್ನಿಸೋದು ಸಹಜ. ಪ್ರಕರಣದ ಮೊದಲ ತಿರುವು ಇಲ್ಲಿ. ಮೇಡಂ ತಮ್ಮ ಬಂದವನು ತಡೆದ. ಮೊದಲು ಎಲ್ಲ ಕಡೆಯಿಂದ ಫೋಟೋ, ವಿಡಿಯೋ ತೆಗೆದ, ಕಿತ್ತು ಬಂದಿದ್ದ ಬೇರಿನ ಗಡ್ಡೆಯನ್ನ ಹತ್ತಿರದಿಂದ ಸ್ಕೇಲ್ ಇಟ್ಟು ತೆಗೆದ, ಇನ್ಶೂರೆನ್ಸ್ ಕಂಪನಿಗೆ ತಿಳಿಸಿ ನಷ್ಟ ಅಂದಾಜು ಮಾಡೋ ಸರ್ವೇಯರ್ ಬರೋವರೆಗೆ ಪೂರ್ತಿ ತೆಗೆಯೋದು ಬೇಡ ಅಂದ. ದಾರಿಗೂ ಬಾಗಿಲಿಗೂ ಅಡ್ಡ ಬಂದಿದ್ದ ಕೊಂಬೆ ಮಾತ್ರ ಕಡಿಸಿದ್ರು. ಇನ್ನೊಂದು ಒಳ್ಳೇ ಕೆಲಸ ಅಂದ್ರೆ, ಬುಡದ ಒಂದು ಅಡ್ಡ ತುಂಡು ಮತ್ತು ಎರಡು ಬೇರಿನ ತುಂಡು ತೆಗೆದು ಶೆಡ್ಡಲ್ಲಿ ಇಟ್ಟಿದ್ದು. ಬಿದ್ದ ಮರ ಇನ್ನೂ ಯಜಮಾನರದ್ದೇ ಅಲ್ವಾ, ಅದಕ್ಕೇ ಅವರ ಎದುರಿಗೇ, ಅವರಿಗೆ ಹೇಳಿ, ವಿಡಿಯೋ ಆನ್ ಇಟ್ಕೊಂಡು ತೆಗೆದ್ರು. ಯಜಮಾನರು ಬೇಡ ಅನ್ನಲಿಲ್ಲ.

ಆ ತುಂಡು ಇಲ್ದೇ ಹೋಗಿದ್ರೆ ಮುಂದಿನ ಅರ್ಧ ಕಥೆ ನಡೀತಾನೇ ಇರ್ಲಿಲ್ಲ, ಯಾಕಂದ್ರೆ ಮರ ಸೌದೆ ಆದ್ಮೇಲೆ ಅದು ಕೊಳೆತಿತ್ತಾ ಇಲ್ವಾ ಅಂತ ಯಾರೂ ತೋರಿಸೋಕಾಗಲ್ಲ.

ಪಾಲಿಸಿ ಇದೆ ಅಂತಾನೇ ಗೊತ್ತಿರ್ಲಿಲ್ಲ

ಮೇಡಂ "ನಮ್ಮನೆಗೆ ಇನ್ಶೂರೆನ್ಸ್ ಎಲ್ಲಿದೆ ಸರ್, ಕಾರಿಗೆ ಮಾತ್ರ" ಅಂದ್ರು. ಹೋಮ್ ಲೋನ್ ಇದ್ಯಾ ಕೇಳಿದೆ, ಇದೆ ಅಂದ್ರು. ಲೋನ್ ಕೊಡೋವಾಗ ಬ್ಯಾಂಕಿನವರು ಮನೆಗೆ ಒಂದು ಪಾಲಿಸಿ ಸೇರಿಸಿರ್ತಾರೆ, ಪ್ರೀಮಿಯಂ ಲೋನಲ್ಲೇ ಕಟ್ ಆಗಿರುತ್ತೆ, ಎಷ್ಟೋ ಜನ ಆ ಕಾಗದ ತೆರೆದೂ ನೋಡಿರಲ್ಲ. ಹುಡುಕಿದ್ರೆ ಇಲ್ಲೂ ಹಾಗೇ, ಭಾರತ್ ಗೃಹ ರಕ್ಷಾ ಪಾಲಿಸಿ ಸಿಕ್ತು. ಇದು ವಿಮಾ ನಿಯಂತ್ರಣ ಪ್ರಾಧಿಕಾರ 2021ರ ಏಪ್ರಿಲ್ 1ರಿಂದ ಎಲ್ಲ ಜನರಲ್ ಇನ್ಶೂರೆನ್ಸ್ ಕಂಪನಿಗಳೂ ಕೊಡಲೇಬೇಕು ಅಂತ ಮಾಡಿದ ಸ್ಟ್ಯಾಂಡರ್ಡ್ ಮನೆ ಪಾಲಿಸಿ, ಯಾವ ಕಂಪನಿಯಲ್ಲಿ ತಗೊಂಡ್ರೂ ಮೂಲ ಷರತ್ತು ಒಂದೇ. ಈ ಪ್ರಕರಣಕ್ಕೆ ಬೇಕಾದ ಮಾತು ಅದರಲ್ಲಿ ಬರೆದೇ ಇದೆ: ಹೊರಗಿನ ಯಾವುದೇ ವಸ್ತು ಬಂದು ಬಡಿದು ಆದ ಹಾನಿ ಕವರ್ ಆಗುತ್ತೆ, ಉದಾಹರಣೆಗೆ ವಾಹನ, ಬೀಳೋ ಮರ, ವಿಮಾನ, ಗೋಡೆ.

ಆದ್ರೆ ಮೇಡಂ ಕಾಲ್ ಸೆಂಟರಿಗೆ ಫೋನ್ ಮಾಡಿದಾಗ "ಬಿರುಗಾಳಿಗೆ ಹಾನಿ ಆಗಿದೆ" ಅಂದಿದ್ರು, ಅವರು ಹಾಗೇ ಬರ್ಕೊಂಡ್ರು. ಅದರಿಂದ ಏನಾಯ್ತು ಅಂದ್ರೆ, ಕಂಪನಿಯವರು ಆ ದಿನ ಆ ಜಾಗದಲ್ಲಿ ಎಷ್ಟು ವೇಗದ ಗಾಳಿ ಬೀಸಿತ್ತು ಅನ್ನೋದಕ್ಕೆ ಹವಾಮಾನ ಇಲಾಖೆ ರಿಪೋರ್ಟ್ ಕೊಡಿ ಅಂತ ಕೂತ್ರು. ಹತ್ತಿರದಲ್ಲಿ ಗಾಳಿ ಅಳೆಯೋ ಕೇಂದ್ರಾನೇ ಇಲ್ಲ, ಇಂಥ ಗುಡುಗುಮಳೆ ಒಂದು ಬಡಾವಣೆಯಲ್ಲಿ ಬಂದು ಪಕ್ಕದ್ದರಲ್ಲಿ ಬಂದಿರಲ್ಲ, ಎಲ್ಲಿಂದ ತರೋದು. ಅದರ ಜೊತೆಗೆ ಸರ್ವೇಯರ್ ಒಂದು ಟಿಪ್ಪಣಿ ಹಾಕಿದ್ರು, ಮರ ಮೊದಲೇ ಕೊಳೆತಿತ್ತು, ಇದು ನಿಧಾನಕ್ಕೆ ಆದ ಸವಕಳಿ, ನಿರ್ವಹಣೆ ಕೊರತೆ ಅಂತ.

ಇಲ್ಲಿ ಮೇಡಂ ಹೆದರಿದ್ರು. ನನ್ನ ಹತ್ರ ಬಂದು "ಹಾಗಾದ್ರೆ ಅಣಬೆ ಫೋಟೋ, ಕೊಳೆತ ಬೇರು ಇದೆಲ್ಲ ಮುಚ್ಚಿಡಬೇಕಾ ಸರ್, ತೋರಿಸಿದ್ರೆ ಕ್ಲೇಮ್ ಹೋಗುತ್ತಾ" ಅಂದ್ರು. ಈ ಪ್ರಶ್ನೇನ ಇನ್ನೂ ಬೇರೆಯವರೂ ಕೇಳಿದ್ದಾರೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಇನ್ಶೂರೆನ್ಸ್ ಕಂಪನಿ ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಮನೆಗೆ ಏನು ಬಡೀತು? ಹೊರಗಿಂದ ಬಂದ ಮರ ಬಡೀತು. ಅದು ಗಾಳಿಗೆ ಬಿತ್ತೋ, ಕೊಳೆತು ಬಿತ್ತೋ, ಕವರ್ ಆಗೋದಕ್ಕೆ ಅದು ಲೆಕ್ಕಕ್ಕಿಲ್ಲ. ಸವಕಳಿ ಹೊರಗಿಡೋ ಷರತ್ತು ಇರೋದು ವಿಮೆ ಮಾಡಿಸಿದ ಆಸ್ತಿ ತಾನೇ ಸವೆದಿದ್ರೆ ಅದಕ್ಕೆ, ಮೇಡಂ ಪ್ಯಾರಾಪೆಟ್ ಸವೆದು ಬೀಳಲಿಲ್ವಲ್ಲ, ಮರ ಅವರ ಆಸ್ತಿಯೂ ಅಲ್ಲ. ಯಜಮಾನರ ಹೊಣೆ ಕೇಳೋವಾಗ ಪ್ರಶ್ನೆ ಬೇರೆ: ಅವರಿಗೆ ಏನು ಗೊತ್ತಿತ್ತು, ಗೊತ್ತಾದ್ಮೇಲೆ ಏನು ಮಾಡಿದ್ರು? ಅಲ್ಲಿ ಕೊಳೆತ ಬೇರೇ ಮುಖ್ಯ ಸಾಕ್ಷಿ. ಒಂದೇ ಸತ್ಯ ಎರಡು ಕಡೆಗೂ ಹೇಳಬಹುದು, ಏನೂ ಮುಚ್ಚಿಡೋದು ಬೇಡ. ಮುಚ್ಚಿಟ್ಟು ಆಮೇಲೆ ಹೊರಗೆ ಬಂದ್ರೆ ಎರಡೂ ಕೆಡುತ್ತೆ.

ಹಾಗಾಗಿ ಕಂಪನಿಯ ದೂರು ಅಧಿಕಾರಿಗೆ ಲಿಖಿತವಾಗಿ ಬರೆದ್ವಿ: ನಮ್ಮ ಕ್ಲೇಮ್ ಬಡಿತದ ಹಾನಿ ಷರತ್ತಿನ ಕೆಳಗೆ, ಬಿರುಗಾಳಿ ಷರತ್ತಿನ ಕೆಳಗೆ ಅಲ್ಲ, ಗಾಳಿ ವೇಗದ ರಿಪೋರ್ಟ್ ಬೇಕಾಗಿಲ್ಲ, ಪಾಲಿಸಿಯ ಇಂಥ ಸಾಲು ನೋಡಿ ಅಂತ ಪ್ರತಿ ಲಗತ್ತಿಸಿ. ಅವರು ಒಪ್ಪದೇ ಇದ್ರೆ ಅಥವಾ ಒಂದು ತಿಂಗಳು ಉತ್ತರ ಕೊಡದೇ ಇದ್ರೆ ವಿಮಾ ಲೋಕಪಾಲರ ಹತ್ರ ಹೋಗೋದು ಅಂತಾನೂ ತೀರ್ಮಾನ ಮಾಡಿದ್ವಿ, ಅಲ್ಲಿ ದೂರು ಕೊಡೋಕೆ ಫೀಸಿಲ್ಲ, ವಕೀಲರೂ ಬೇಕಿಲ್ಲ. ಅಷ್ಟು ದೂರ ಹೋಗಬೇಕಾಗಲಿಲ್ಲ, ಕಂಪನಿ ಒಪ್ಕೊಂಡ್ತು. ಆ ಸಾಲು ತೋರಿಸಿದ್ಮೇಲೆ ವಾದ ಮಾಡೋಕೆ ಅವರಿಗೂ ಏನೂ ಇರ್ಲಿಲ್ಲ.

ಸೋಲಾರ್ ಹೀಟರನ್ನ ಮೊದಲು ಸಾಮಾನಿನ ಲೆಕ್ಕಕ್ಕೆ ಹಾಕಿದ್ರು. ಪಾಲಿಸಿಯಲ್ಲಿ ಕಾಂಪೌಂಡು, ಗೇಟು, ಕಟ್ಟಿದ ನೀರಿನ ಟ್ಯಾಂಕು, ಸೋಲಾರ್ ಪ್ಯಾನೆಲ್ಲು ಎಲ್ಲ ಕಟ್ಟಡದ ಭಾಗ ಅಂತಾನೇ ಇದೆ, ತೋರಿಸಿದ್ಮೇಲೆ ಸರಿ ಮಾಡಿದ್ರು. ಇನ್ನೊಂದು ನೆಮ್ಮದಿ ಏನಂದ್ರೆ ಮೇಡಂ ಪಾಲಿಸಿಯಲ್ಲಿ ಮನೆ ಮೊತ್ತ ಸ್ವಲ್ಪ ಕಡಿಮೆ ಬರೆಸಿದ್ರು, ಹಳೇ ಫೈರ್ ಪಾಲಿಸಿ ಆಗಿದ್ರೆ ಅದೇ ಅನುಪಾತದಲ್ಲಿ ಕ್ಲೇಮ್ ಕಡಿತ ಆಗ್ತಿತ್ತು, ಗೃಹ ರಕ್ಷಾದಲ್ಲಿ ಆ ಕಡಿತ ಇಲ್ಲ.

ನಿರಾಸೆ ಆಗಿದ್ದು ಮರ ತೆಗೆಸೋ ಖರ್ಚಲ್ಲಿ. ಅವಶೇಷ ಸಾಗಿಸೋದಕ್ಕೆ ಪಾಲಿಸಿ ಕೊಡೋದು ಕ್ಲೇಮ್ ಮೊತ್ತದ ನೂರಕ್ಕೆ 2ರವರೆಗೆ ಮಾತ್ರ. ತಾರಸಿ ಮೇಲಿಂದ ಮರ ಇಳಿಸೋಕೆ ಕ್ರೇನ್ ಬೇಕಾಯ್ತು, ಕಡಿಯೋರು ಬೇಕಾಯ್ತು, ಅದರ ಬಿಲ್ಲಿನ ಮುಂದೆ ಆ 2 ಏನೇನೂ ಅಲ್ಲ. ಮರ ಬಿದ್ದ ಕೇಸಲ್ಲಿ ಜನ ಅಂದಾಜು ಮಾಡದೇ ಇರೋ ಖರ್ಚು ಇದೇ.

ದುಡ್ಡು ಬರೋವಾಗ ಬ್ಯಾಂಕು ಮಧ್ಯೆ ಬಂತು. ಲೋನ್ ಇರೋ ಮನೆ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇರುತ್ತೆ, ಕ್ಲೇಮ್ ಅವರ ಮೂಲಕಾನೇ ಬರೋದು. ರಿಪೇರಿಗೇ ಬಳಸ್ತೀವಿ ಅಂತ ಅರ್ಜಿ ಕೊಟ್ಟು ಬ್ಯಾಂಕಿನ ಒಪ್ಪಿಗೆ ಪತ್ರ ತಗೊಂಡ್ಮೇಲೆ ಮೇಡಂ ಖಾತೆಗೆ ಬಂತು. ಇದಕ್ಕೆ ಮೊದಲ ವಾರದಲ್ಲೇ ಅರ್ಜಿ ಹಾಕಬಹುದು.

ಕಾರಿಗೆ ಫುಲ್ ಪಾಲಿಸಿ ಇತ್ತು, ಮರ ಬಿದ್ದಿದ್ದು ಅದರಲ್ಲಿ ಕವರ್ ಆಗುತ್ತೆ. ಗಾಜಿಗೆ ಪೂರ್ತಿ ಕೊಟ್ರು, ಬಂಪರ್ ಥರ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಕಡಿತ ಮಾಡಿದ್ರು, ಸವಕಳಿ ಕಡಿತ ಮಾಡದೇ ಕೊಡೋ ಝೀರೋ ಡೆಪ್ ಕವರ್ ಇರ್ಲಿಲ್ಲ. ಕ್ಲೇಮ್ ಮಾಡದೇ ಇದ್ದವರಿಗೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ, ನೋ ಕ್ಲೇಮ್ ಬೋನಸ್ಸೂ ಹೋಯ್ತು. ಬಾಡಿಗೆಯವರ ಬೈಕಿಗೆ ಥರ್ಡ್ ಪಾರ್ಟಿ ಪಾಲಿಸಿ ಮಾತ್ರ, ಅದು ಬೈಕಿಂದ ಬೇರೆಯವರಿಗೆ ಆದ ಹಾನಿಗೆ, ಬೈಕಿಗೇ ಒಂದು ಪೈಸಾ ಇಲ್ಲ. ವಾಷಿಂಗ್ ಮಷೀನಿಗೂ ಇಲ್ಲ, ಮನೆ ಓನರ್ ಪಾಲಿಸಿ ಬಾಡಿಗೆಯವರ ಸಾಮಾನಿಗೆ ಬರಲ್ಲ. ಆ ಹುಡುಗ ಹೊಸ ಕೆಲಸಕ್ಕೆ ಸೇರಿ ಕಂತಿನಲ್ಲಿ ಬೈಕ್ ತಗೊಂಡಿದ್ದ, ನನಗೆ ಈ ಪೂರ್ತಿ ಪ್ರಕರಣದಲ್ಲಿ ಜಾಸ್ತಿ ಸಂಕಟ ಆಗಿದ್ದು ಅವನದ್ದೇ, ಯಾಕಂದ್ರೆ ಮರಾನೂ ಅವನದ್ದಲ್ಲ, ಮನೇನೂ ಅವನದ್ದಲ್ಲ.

ಯಜಮಾನರ ಹೊಣೆ ಎಷ್ಟು

ಯಜಮಾನರ ಮಗ ಬೇರೆ ಊರಿಂದ ಬಂದು "ನಮಗೂ ಹೋಮ್ ಇನ್ಶೂರೆನ್ಸ್ ಇದೆ, ಅದರಲ್ಲಿ ಮೇಡಂ ಮನೇದು ಮಾಡಿಸಿಬಿಡೋಣ" ಅಂದ್ರು. ಒಳ್ಳೇ ಮನಸ್ಸಿಂದಾನೇ ಅಂದ್ರು. ಆದ್ರೆ ಅವರ ಪಾಲಿಸಿ ಅವರ ಮನೆಗೆ, ಪಕ್ಕದವರಿಗೆ ಆದ ನಷ್ಟಕ್ಕೆ ಅಲ್ಲ. ಬೇರೆಯವರಿಗೆ ನಾವು ಕೊಡಬೇಕಾದ ಪರಿಹಾರ ಕವರ್ ಆಗಬೇಕಂದ್ರೆ ಪಬ್ಲಿಕ್ ಲಯಬಿಲಿಟಿ ಭಾಗ ಇರೋ ಗೃಹಸ್ಥರ ಪ್ಯಾಕೇಜ್ ಪಾಲಿಸಿ ಬೇಕು, ಅದನ್ನ ಇವರು ತಗೊಂಡಿರ್ಲಿಲ್ಲ.

ಆಮೇಲೆ ವಕೀಲರು ಬಂದ್ರು, ದೇವರ ಆಟದ ವಾದ ಬಂತು. ಇದನ್ನ ಪೂರ್ತಿ ತಳ್ಳಿಹಾಕೋಕಾಗಲ್ಲ. ಮರ ಬಿತ್ತು ಅನ್ನೋ ಒಂದೇ ಕಾರಣಕ್ಕೆ ಮರದ ಮಾಲೀಕ ಹೊಣೆ ಅಂತ ಆಗಲ್ಲ. ಇಂಗ್ಲೆಂಡಿನಲ್ಲಿ 1926ರಲ್ಲೇ ಒಂದು ಕೇಸ್ ಆಗಿತ್ತು, ರಸ್ತೆ ಮೇಲೆ ಚಾಚಿದ್ದ ಬೀಚ್ ಮರದ ಕೊಂಬೆ ಮುರಿದು ವಾಹನದ ಮೇಲೆ ಬಿತ್ತು, ಒಳಗಿನ ದೋಷ ಹೊರಗೆ ಕಾಣೋ ಹಾಗಿರ್ಲಿಲ್ಲ ಅಂತ ಮಾಲೀಕನ ಮೇಲೆ ಹೊಣೆ ಬರಲಿಲ್ಲ. ನಮ್ಮ ಸುಪ್ರೀಂ ಕೋರ್ಟಿನದ್ದು 1997ರ ರಾಜ್‌ಕೋಟ್ ಮುನಿಸಿಪಲ್ ಕಾರ್ಪೊರೇಶನ್ ತೀರ್ಪು, ರಸ್ತೆ ಬದಿ ಮರ ಬಿದ್ದು ದಾರಿಯಲ್ಲಿ ಹೋಗ್ತಿದ್ದವರು ಸತ್ತೇ ಹೋದ್ರು, ಆದ್ರೂ ಕಾರ್ಪೊರೇಶನ್ ಹೊಣೆ ಅಲ್ಲ ಅಂತಾನೇ ಆಯ್ತು. ಯಜಮಾನರ ವಕೀಲರು ಇದನ್ನೇ ಹಿಡ್ಕೊಂಡ್ರು.

ಮೇಡಂ ವಕೀಲರು ಅದೇ ತೀರ್ಪುಗಳ ಇನ್ನೊಂದು ಮುಖ ತೋರಿಸಿದ್ರು. ಮಾಲೀಕನಿಗೆ ಅಪಾಯ ಗೊತ್ತಿರ್ಲಿಲ್ಲ, ಗೊತ್ತಾಗೋ ಹಾಗೂ ಇರ್ಲಿಲ್ಲ ಅನ್ನೋ ಕಡೆ ಅವನು ಪಾರಾಗ್ತಾನೆ ಅಂದ್ರೆ, ಗೊತ್ತಿದ್ದೂ ಸುಮ್ಮನಿದ್ದವನು ಪಾರಾಗಲ್ಲ. ಇಲ್ಲಿ "ನೋಡಿದೆ ಅಮ್ಮ, ಮಳೆಗಾಲ ಮುಗೀಲಿ ಕಡಿಸೋಣ" ಅಂತ ಬರವಣಿಗೆಯಲ್ಲಿ ಇದೆ. ಆ ಐದು ಪದ ಇರ್ಲಿಲ್ಲ ಅಂದ್ರೆ ಈ ಕೇಸ್ ಯಜಮಾನರ ಕಡೆಗೇ ವಾಲ್ತಿತ್ತು ಅಂತ ನನಗೆ ಅನ್ನಿಸುತ್ತೆ.

ಆಗ ಹೊಸ ವಾದ ಬಂತು: ಕಡಿಸೋಕೆ ಪರ್ಮಿಷನ್ ಬೇಕಲ್ವಾ, ಸರ್ಕಾರ ಬಿಡಲ್ವಲ್ಲ ಅಂತ. ಹೌದು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದ ಮರಕ್ಕೂ ವೃಕ್ಷ ಅಧಿಕಾರಿ ಅನುಮತಿ ಬೇಕು, ಕೊಂಬೆ ಸವರೋದೂ ಅದರೊಳಗೇ ಬರುತ್ತೆ, ಕೆಲವು ಜಾತಿ ಮರಗಳಿಗೆ ವಿನಾಯಿತಿ ಇದೆ. ಆದ್ರೆ ಮರದಿಂದ ಜೀವಕ್ಕೆ ಆಸ್ತಿಗೆ ಅಪಾಯ ಅನ್ನೋದು ಅನುಮತಿ ಕೊಡೋಕೆ ಕಾಯ್ದೆಯೇ ಹೇಳೋ ಕಾರಣ. ಯಜಮಾನರು ಅರ್ಜಿಯನ್ನೇ ಹಾಕಿರ್ಲಿಲ್ಲ. ಅರ್ಜಿ ಹಾಕಿ, ಅಧಿಕಾರಿ ತಡ ಮಾಡಿ, ಅಷ್ಟರಲ್ಲಿ ಮರ ಬಿದ್ದಿದ್ರೆ ಅವರ ಪರಿಸ್ಥಿತಿ ಪೂರ್ತಿ ಬೇರೆ ಇರ್ತಿತ್ತು, ಆ ಸ್ವೀಕೃತಿ ಚೀಟಿ ಒಂದೇ ಅವರನ್ನ ಕಾಪಾಡ್ತಿತ್ತು. ಎರಡು ವರ್ಷದ ಹಿಂದೆ ತಮ್ಮ ಕಡೆ ಕೊಂಬೆ ಕಡಿಸೋಕೂ ಅವರು ಅನುಮತಿ ತಗೊಂಡಿರ್ಲಿಲ್ಲ, ಹಾಗಾಗಿ ಪರ್ಮಿಷನ್ ವಾದವನ್ನ ಅವರ ವಕೀಲರೇ ಮುಂದೆ ಒತ್ತಲಿಲ್ಲ.

ಮೇಡಂಗೂ ಒಂದು ದಾರಿ ಇತ್ತು, ಅವರು ಬಳಸಿರ್ಲಿಲ್ಲ. ಬೀಳೋ ಸ್ಥಿತಿಯಲ್ಲಿರೋ ಮರದಿಂದ ಅಕ್ಕಪಕ್ಕದವರಿಗೆ, ದಾರಿಹೋಕರಿಗೆ ಅಪಾಯ ಇದ್ರೆ ಅದನ್ನ ತೆಗೆಸೋಕೆ ಅಥವಾ ಆಸರೆ ಕೊಡಿಸೋಕೆ ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದು. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 133ನೇ ಸೆಕ್ಷನ್, 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152. ಮರ ಅನ್ನೋ ಪದಾನೇ ಸೆಕ್ಷನ್ನಲ್ಲಿ ಇದೆ. ಯಜಮಾನರ ವಕೀಲರು "ಅಷ್ಟು ಭಯ ಇದ್ದವರು ದೂರು ಯಾಕೆ ಕೊಡಲಿಲ್ಲ" ಅಂತ ಕೇಳಿದಾಗ ಮೇಡಂ ಹೇಳಿದ್ದು, "ಪಕ್ಕದ ಮನೆ ಅಂಕಲ್ ಮೇಲೆ ಹೇಗೆ ದೂರು ಕೊಡ್ಲಿ." ಅದು ನಿಜವಾದ ಉತ್ತರ, ನಮ್ಮಲ್ಲಿ ಹೆಚ್ಚಿನವರು ಅದಕ್ಕೇ ಸುಮ್ಮನಿರ್ತಾರೆ.

ಬೇರು ಹೇಳಿದ ಕಥೆ

ಆಮೇಲೆ ಯಜಮಾನರ ಕಡೆಯವರು ಸಂಪ್ ಗುಂಡಿ ವಿಷಯ ತೆಗೆದ್ರು. ನಿಮ್ಮ ಮೇಸ್ತ್ರಿ ಬೇರು ಕಡಿದಿದ್ದಕ್ಕೇ ಮರ ಬಿದ್ದಿದ್ದು, ನಿಮ್ಮದೇ ತಪ್ಪು ಅಂತ. ಮೇಡಂ ಅಲ್ಲಿಯವರೆಗೆ ಧೈರ್ಯವಾಗಿದ್ದವರು ಇದಕ್ಕೆ ಕುಗ್ಗಿದ್ರು. ಶೆಡ್ಡಲ್ಲಿಟ್ಟ ತುಂಡುಗಳು ಕೆಲಸಕ್ಕೆ ಬಂದಿದ್ದು ಆಗಲೇ. ಎರಡೂ ಕಡೆಯವರು ಒಪ್ಪಿದ ಒಬ್ಬ ನಿವೃತ್ತ ಅರಣ್ಯ ಅಧಿಕಾರಿ ಬಂದು ಬೇರಿನ ಫೋಟೋ, ತುಂಡು, ಗುಂಡಿ ಬಿದ್ದ ಜಾಗ ಎಲ್ಲ ನೋಡಿ ಒಂದು ಪುಟ ಬರೆದುಕೊಟ್ರು.

ಅವರು ಹೇಳಿದ್ದು ಹೀಗೆ. ಮರ ಒಂದು ಕಡೆಗೆ ಬೀಳೋವಾಗ ಅದನ್ನ ಹಿಂದಕ್ಕೆ ಎಳೆದು ಹಿಡಿಯೋದು ಮುಖ್ಯವಾಗಿ ಎದುರು ಕಡೆಯ ಬೇರು, ಟೆಂಟಿನ ಹಗ್ಗ ಇದ್ದ ಹಾಗೆ. ಮರ ಮೇಡಂ ಕಡೆ ಬಿದ್ದಿದೆ, ಅಂದ್ರೆ ಹಿಡಿಯಬೇಕಾಗಿದ್ದು ಯಜಮಾನರ ಕಡೆಯ ಬೇರು, ನೆಲದಿಂದ ಎದ್ದು ಬಂದಿರೋದೂ ಅವೇ, ಅವು ಒಳಗೆ ಕೊಳೆತು ಕೈಯಲ್ಲಿ ಪುಡಿ ಆಗ್ತಿವೆ. ಮೇಡಂ ಕಡೆ ಕಡಿದ ಬೇರಿನ ಪಾತ್ರ ಇಲ್ಲವೇ ಇಲ್ಲ ಅನ್ನೋಕಾಗಲ್ಲ, ಆ ಕಡೆ ಬೇರೂ ಮರಕ್ಕೆ ಊರುಗೋಲು, ಜೊತೆಗೆ ಕಡಿದ ಗಾಯದಿಂದ ಕೊಳೆ ರೋಗ ಒಳಗೆ ಹೋಗಿರಬಹುದು. ಆದ್ರೆ ಮುಖ್ಯ ಕಾರಣ ಕೊಳೆ ಮತ್ತು ಒಂದೇ ಕಡೆ ಉಳಿದ ಕೊಂಬೆಯ ಭಾರ. ಕೊಂಬೆ ಯಾವಾಗ ಕಡಿದಿದ್ದು ಅನ್ನೋದಕ್ಕೆ ಮೇಡಂ ಮನೆ ತಾರಸಿಯಲ್ಲಿ ತೆಗೆದ ಹಳೇ ಹುಟ್ಟುಹಬ್ಬದ ಫೋಟೋಗಳು ಸಿಕ್ಕವು, ಹಿಂದೆ ಮರ ಪೂರ್ತಿ ಕಾಣುತ್ತೆ, ತಾರೀಖೂ ಇದೆ.

ಆ ಒಂದು ಪುಟ ಬಂದ್ಮೇಲೆ ಎರಡೂ ಕಡೆ ಮಾತಿನ ಧಾಟಿ ಬದಲಾಯ್ತು. ಯಜಮಾನರು ಅದನ್ನ ಎರಡು ಸಲ ಓದಿ "ನಾನು ಅಣಬೆ ನೋಡಿದ್ದೆ, ಹೌದು" ಅಂದ್ರು. ಮೇಡಂ ಕೂಡ ಬೇರು ಕಡಿಸಿದ್ದನ್ನ ಅಲ್ಲಗಳೆಯಲಿಲ್ಲ.

ಸಹಿ ಹಾಕೋ ಮುಂಚೆ ನಿಲ್ಲಿಸಿದ ಎರಡು ಕಾಗದ

ಮಗ ಒಂದು ಮೊತ್ತ ಹೇಳಿ, ಕೊಟ್ಟುಬಿಡ್ತೀವಿ, ಆದ್ರೆ ಈ ಘಟನೆ ಬಗ್ಗೆ ಇನ್ನು ಯಾರದ್ದೂ ಯಾವ ಕ್ಲೇಮೂ ಇಲ್ಲ ಅಂತ ಸಹಿ ಹಾಕಿ ಅಂದ್ರು. ಮೇಡಂ ಸುಸ್ತಾಗಿದ್ರು, ಹಾಕಿಬಿಡ್ತೀನಿ ಅಂದ್ರು. ಆಗ ಇನ್ನೂ ಇನ್ಶೂರೆನ್ಸ್ ದುಡ್ಡು ಬಂದಿರ್ಲಿಲ್ಲ. ಕಂಪನಿ ಕ್ಲೇಮ್ ಕೊಟ್ಮೇಲೆ, ತಪ್ಪು ಮಾಡಿದವರಿಂದ ಆ ದುಡ್ಡು ವಸೂಲಿ ಮಾಡೋ ಹಕ್ಕು ಕಂಪನಿಗೆ ಬರುತ್ತೆ, ಸಬ್ರೊಗೇಶನ್ ಅಂತಾರೆ. ಮೇಡಂ ಮೊದಲೇ ಯಜಮಾನರನ್ನ ಪೂರ್ತಿ ಬಿಡುಗಡೆ ಮಾಡಿ ಬರ್ಕೊಟ್ರೆ ಕಂಪನಿಗೆ ವಸೂಲಿ ಮಾಡೋಕೆ ಏನೂ ಉಳಿಯಲ್ಲ, ಅದೇ ಕಾರಣಕ್ಕೆ ಕ್ಲೇಮ್ ನಿಲ್ಲಿಸಬಹುದು. ಪಕ್ಕದವರ ಜೊತೆ ರಾಜಿ ಮಾಡ್ಕೊಂಡು ಒಳ್ಳೇವರಾಗೋಕೆ ಹೋಗಿ ದೊಡ್ಡ ಮೊತ್ತ ಕಳ್ಕೊಳ್ಳೋದು ಇಲ್ಲೇ. ಸಹಿ ನಿಲ್ಲಿಸಿದ್ವಿ.

ಎರಡನೇ ಕಾಗದ ಕಂಪನಿಯಿಂದ ಬಂತು. ನೋಡೋಕೆ ಸಬ್ರೊಗೇಶನ್ ಪತ್ರ, ಒಳಗೆ ಓದಿದ್ರೆ ನನ್ನ ಎಲ್ಲ ಹಕ್ಕನ್ನೂ ಕಂಪನಿಗೆ ವರ್ಗಾಯಿಸಿದ್ದೀನಿ ಅನ್ನೋ ಸಾಲೂ ಇತ್ತು. 2010ರಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಈ ವ್ಯತ್ಯಾಸವನ್ನ ಬಿಡಿಸಿ ಹೇಳಿದೆ: ಬರೀ ಸಬ್ರೊಗೇಶನ್ ಆದ್ರೆ ಕಂಪನಿ ತಾನು ಕೊಟ್ಟಷ್ಟು ಮಾತ್ರ ವಸೂಲಿ ಮಾಡ್ಕೊಳ್ಳುತ್ತೆ, ಉಳಿದ ನಷ್ಟ ಕೇಳೋ ಹಕ್ಕು ನಮ್ಮ ಹತ್ರಾನೇ ಇರುತ್ತೆ, ವರ್ಗಾವಣೆಯೂ ಸೇರಿದ್ರೆ ಪೂರ್ತಿ ಅವರದ್ದೇ. ಮೇಡಂಗೆ ಕವರ್ ಆಗದೇ ಉಳಿದಿದ್ದೇ ಸಾಕಷ್ಟಿತ್ತು, ಕ್ರೇನು, ಕಾರಿನ ಕಡಿತ, ಬೋನಸ್ಸು. ಆ ಸಾಲು ತೆಗೆಸಿ, ಕೊಟ್ಟ ಮೊತ್ತದವರೆಗೆ ಮಾತ್ರ ಅಂತ ಬರೆಸಿ ಸಹಿ ಹಾಕಿದ್ರು. ಕೇಳಿದ್ಮೇಲೆ ಕಂಪನಿಯವರು ಬದಲಾಯಿಸಿಕೊಟ್ರು, ಕೇಳದೇ ಇದ್ರೆ ಅದೇ ನಮೂನೆ ಹೋಗ್ತಿತ್ತು.

ಏನಾಯ್ತು

ಕೋರ್ಟಲ್ಲಿ ದಾವೆ ಹೂಡೋ ಮೊದಲೇ ಲೋಕ ಅದಾಲತ್‌ಗೆ ಹೋಗೋಣ ಅಂತ ಇಬ್ಬರೂ ಒಪ್ಪಿದ್ರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ದಾವೆ ಹಾಕದ ವ್ಯಾಜ್ಯವನ್ನೂ ಅಲ್ಲಿಗೆ ಒಯ್ಯಬಹುದು, ಅಲ್ಲಿ ಆದ ರಾಜಿ ಕೋರ್ಟ್ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಬರೀ ಬಿಳಿ ಹಾಳೆ ಮೇಲಿನ ರಾಜಿಗಿಂತ ಇದು ಎಷ್ಟೋ ಗಟ್ಟಿ, ನಾಳೆ ಯಜಮಾನರ ನಂತರ ಮಕ್ಕಳು ಮಾತು ಬದಲಾಯಿಸೋಕಾಗಲ್ಲ, ಮೇಡಂ ಕಡೆಯಿಂದಲೂ ಹೊಸ ಬೇಡಿಕೆ ಬರಲ್ಲ.

ಅಲ್ಲಿ ಚರ್ಚೆಗೆ ತಗೊಂಡಿದ್ದು ಇನ್ಶೂರೆನ್ಸ್ ಕೊಡದೇ ಉಳಿದ ನಷ್ಟ ಮಾತ್ರ, ಅದಕ್ಕೆ ನಮ್ಮ ತಕರಾರಿಲ್ಲ ಅಂತ ಕಂಪನಿಯಿಂದ ಮೊದಲೇ ಪತ್ರ ತರಿಸಿದ್ವಿ. ಮರ ತೆಗೆಸಿದ ಖರ್ಚಿನ ಉಳಿಕೆ ಪೂರ್ತಿ ಯಜಮಾನರದ್ದು. ಕಾರಿನ ಕಡಿತದಲ್ಲಿ ಮುಕ್ಕಾಲು ಭಾಗ ಅವರದ್ದು, ಕಾಲು ಭಾಗ ಬೇರು ಕಡಿದ ಲೆಕ್ಕಕ್ಕೆ ಮೇಡಂ ಬಿಟ್ರು. ಬೋನಸ್ ನಷ್ಟ ಅರ್ಧ ಅರ್ಧ. ಬಾಡಿಗೆ ಹುಡುಗನ ಬೈಕು ಮತ್ತು ವಾಷಿಂಗ್ ಮಷೀನಿಗೆ ಯಜಮಾನರು ಪೂರ್ತಿ ಕೊಟ್ರು, ಅವನ ಪಾಲಿಗೆ ಬೇರು ಕಡಿದ ವಾದವೇ ಅನ್ವಯಿಸಲ್ಲ ಅಂತ ಅಲ್ಲಿ ಕೂತಿದ್ದವರು ಸ್ಪಷ್ಟವಾಗಿ ಹೇಳಿದ್ರು. ಅವನನ್ನ ಪ್ರತ್ಯೇಕ ಅರ್ಜಿದಾರ ಮಾಡಿದ್ದು ಒಳ್ಳೇದಾಯ್ತು, ಮೇಡಂ ಅರ್ಜಿಯಲ್ಲೇ ಸೇರಿಸಿದ್ರೆ ಅವನದ್ದೂ ಕಡಿತ ಆಗೋ ಸಾಧ್ಯತೆ ಇತ್ತು.

ಇನ್ಶೂರೆನ್ಸ್ ಕಂಪನಿ ಆಮೇಲೆ ಯಜಮಾನರಿಗೆ ವಸೂಲಿ ನೋಟಿಸ್ ಕಳಿಸ್ತು. ಅದು ಸಬ್ರೊಗೇಶನ್ ಹಕ್ಕು, ಮೇಡಂ ತಡೆಯೋಕಾಗಲ್ಲ, ಇದನ್ನ ಅದಾಲತ್ತಿಗೆ ಹೋಗೋ ಮುಂಚೇನೇ ಯಜಮಾನರಿಗೆ ಬಾಯಿಬಿಟ್ಟು ಹೇಳಿದ್ವಿ, ಹೇಳದೇ ಇದ್ದಿದ್ರೆ ಮೋಸ ಮಾಡಿದ ಹಾಗೆ ಆಗ್ತಿತ್ತು. ಅವರು ಅರಣ್ಯ ಅಧಿಕಾರಿ ರಿಪೋರ್ಟು, ಬೇರು ಕಡಿದ ವಿಷಯ ಇಟ್ಕೊಂಡು ಕಂಪನಿ ಜೊತೆ ಮಾತಾಡಿ ಕಡಿಮೆ ಮೊತ್ತಕ್ಕೆ ಕಂತಿನಲ್ಲಿ ಮುಗಿಸ್ಕೊಂಡ್ರು. ಪಿಂಚಣಿ ಮೇಲಿರೋ ಮನುಷ್ಯನಿಗೆ ಅದು ಚಿಕ್ಕ ಮೊತ್ತ ಅಲ್ಲ. ಲಯಬಿಲಿಟಿ ಭಾಗ ಇರೋ ಪಾಲಿಸಿ ಇದ್ದಿದ್ರೆ ಇದನ್ನ ಅವರ ಕಂಪನಿ ನೋಡ್ಕೊಳ್ತಿತ್ತು ಅನ್ನೋದು ನನಗೆ ಇವತ್ತಿಗೂ ಬೇಜಾರು.

ಈ ಪ್ರಕರಣ ಓದಿ ಯಾರಿಗಾದ್ರೂ ಪಕ್ಕದ ಮನೆ ಮರದ ಭಯ ಇದ್ರೆ, ಬರೆಯಿರಿ, ಜಗಳದ ಧಾಟಿಯಲ್ಲಿ ಬೇಡ. ತಾರೀಖು ಹಾಕಿ, ಮರದಲ್ಲಿ ಏನು ಕಾಣ್ತಿದೆ ಅಂತ ಹೇಳಿ: ಬುಡದಲ್ಲಿ ಅಣಬೆ, ವಾಲಿದ ಕಡೆಗೆ ಎದುರಾಗಿ ನೆಲ ಬಿರುಕು ಬಿಟ್ಟಿರೋದು ಅಥವಾ ಉಬ್ಬಿರೋದು, ತುದಿ ಕೊಂಬೆ ಒಣಗಿರೋದು, ಕಾಂಡದಲ್ಲಿ ಪೊಟರೆ. ಫೋಟೋ ಹಾಕಿ, ವೃಕ್ಷ ಅಧಿಕಾರಿಗೆ ಒಟ್ಟಿಗೇ ಅರ್ಜಿ ಹಾಕೋಣ ಬನ್ನಿ ಅಂತ ಕರೀರಿ. ಮರ ನಿಮ್ಮದಾಗಿದ್ದು ಪಕ್ಕದವರು ಇಂಥ ಮೆಸೇಜ್ ಕಳಿಸಿದ್ರೆ, ಅದೇ ವಾರ ಯಾರಾದ್ರೂ ತಿಳಿದವರಿಂದ ಮರ ನೋಡಿಸಿ ಅರ್ಜಿ ಹಾಕಿ, ನಂಬರ್ ತಗೊಂಡು ಅವರಿಗೂ ಕಳಿಸಿ.

ಯಜಮಾನರ ಹಿತ್ತಲಲ್ಲಿ ಇನ್ನೊಂದು ಗುಲ್‌ಮೊಹರ್ ಇದೆ. ಅದೇ ಅರಣ್ಯ ಅಧಿಕಾರಿಯನ್ನ ಕರೆಸಿ ನೋಡಿಸಿದ್ರು, ಬೇರು ಗಟ್ಟಿ ಇದೆ, ಕಡಿಯೋದು ಬೇಡ, ಎರಡೂ ಕಡೆ ಸಮವಾಗಿ ಸವರಿದ್ರೆ ಸಾಕು ಅಂದ್ರು. ಸವರೋಕೆ ಅನುಮತಿ ಅರ್ಜಿಯನ್ನ ಮೇಡಂ ಟೈಪ್ ಮಾಡಿಕೊಟ್ರು, ಯಜಮಾನರು ಸಹಿ ಹಾಕಿ ಕೊಟ್ಟು ಬಂದ್ರು.